ಕೀಳದೆ ಕತ್ತರಿಸಿ: ಪುಟ್ಟ ಲೇತ್‌ನಲ್ಲಿ ನುಣುಪಾದ ಅಲ್ಯೂಮಿನಿಯಂ

ಹಳೆಯ ರೇಡಿಯೊ ಒಂದರ ತಿರುಗುಗುಂಡಿ ಒಡೆದಿತ್ತು. ಅಲ್ಯೂಮಿನಿಯಂನಲ್ಲಿ ಹೊಸದೊಂದು ಮಾಡೋಣವೆಂದು 25 ಮಿ.ಮೀ. ಸರಳನ್ನು ಮನೆಯ ಪುಟ್ಟ ಲೇತ್‌ನ ಚಕ್‌ಗೆ ಕಚ್ಚಿಸಿ ತಿರುಗಿಸಿದೆ. ಅಳತೆ ಸರಿಯಾಗಿಯೇ ಬಂತು, ಮೈ ಮಾತ್ರ ಹಲಸಿನ ಸಿಪ್ಪೆಯ ಹಾಗಿತ್ತು. ಬೆರಳಾಡಿಸಿದರೆ ತರಿತರಿ, ಬೆಳಕಿಗೆ ಹಿಡಿದರೆ ಮಂಕಾದ ಬೂದು ಗೀರುಗಳು. ಎಮರಿ ಕಾಗದ ಹಿಡಿದು ಅರ್ಧ ಗಂಟೆ ಉಜ್ಜಿದೆ. ಮೇಲೆ ಹೊಳಪೇನೋ ಬಂತು, ಆದರೆ ಕುಳಿಗಳು ಅಲ್ಲೇ ಉಳಿದವು. ಚೂಪಾಗಿರಬೇಕಿದ್ದ ಅಂಚುಗಳು ಸವೆದು ದುಂಡಗಾದವು.

ಪೀಣ್ಯದ ವರ್ಕ್‌ಷಾಪ್‌ಗಳಲ್ಲಿ ದುಡಿದು ನಿವೃತ್ತರಾದ ಟರ್ನರ್ ಮೇಸ್ತ್ರಿಯೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಗುಂಡಿಯನ್ನು ಅವರ ಕೈಗಿಟ್ಟರೆ ಅದನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟರು. ನೇರ ಲೇತ್‌ನ ಹತ್ತಿರ ಹೋಗಿ ಟೂಲ್ ಬಿಚ್ಚಿ, ಅದರ ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟರು. ಟೂಲ್ ಜಾರಿತು. “ಇದು ಕತ್ತರಿಸ್ತಾ ಇಲ್ಲ ಕಣಪ್ಪ, ಕೀಳ್ತಾ ಇದೆ” ಅಂದರು. ಎಣ್ಣೆಕಲ್ಲಿನ ಮೇಲೆ ಹತ್ತು ನಿಮಿಷ ಮಸೆದು, ಮತ್ತೆ ಕಟ್ಟಿ, ಬ್ರಷ್‌ನಿಂದ ಒಂದಿಷ್ಟು ಸೀಮೆಎಣ್ಣೆ ಸವರಿ ಓಡಿಸಿದರು. ಲೇತ್ ಅದೇ, ಸರಳೂ ಅದೇ. ಈ ಸಲ ಬಂದ ಮೈಯಲ್ಲಿ ಟ್ಯೂಬ್‌ಲೈಟಿನ ಬಿಂಬ ಕಾಣುತ್ತಿತ್ತು.

ಆವತ್ತಿನಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಷೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರು, ಐಟಿಐಯಲ್ಲಿ ಟರ್ನರ್ ಟ್ರೇಡ್ ಓದುತ್ತಿರುವವರು, ಕಾಲೇಜಿನ ಪ್ರಾಜೆಕ್ಟಿಗೆ ಬಿಡಿಭಾಗ ಮಾಡುತ್ತಿರುವವರು ಮೊದಲು ಎಡವುವುದು ಇಲ್ಲೇ.

ಲೋಹ ಅಂಟಿಕೊಳ್ಳುವ ಬಗೆ

ಅಲ್ಯೂಮಿನಿಯಂ ಮೆತ್ತಗಿನ ಲೋಹ, ಉಕ್ಕಿಗಿಂತ ಸುಲಭವಾಗಿ ಕತ್ತರಿಸಿ ಬರಬೇಕು ಎಂದು ಅನ್ನಿಸುತ್ತದೆ. ಮೆತ್ತಗಿರುವುದೇ ತೊಂದರೆಯ ಮೂಲ. ಟೂಲ್‌ನ ತುದಿಯಲ್ಲಿ ಒತ್ತಡವೂ ಬಿಸಿಯೂ ಏರಿದಾಗ ಅಲ್ಯೂಮಿನಿಯಂನ ಕಣಗಳು ಟೂಲ್‌ನ ಬಾಯಿಗೇ ಬೆಸೆದುಕೊಳ್ಳುತ್ತವೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಸ್ವಲ್ಪ ಹೊತ್ತಿಗೆ ಕತ್ತರಿಸುತ್ತಿರುವುದು ನೀವು ಸಾಣೆ ಹಿಡಿದ ಬಾಯಿಯಲ್ಲ, ಅದರ ಮೇಲೆ ಕೂತ ಅಲ್ಯೂಮಿನಿಯಂನ ಮೊಂಡು ಗಡ್ಡೆ. ಈ ಗಡ್ಡೆ ಬೆಳೆಯುತ್ತದೆ, ಕಿತ್ತು ಬೀಳುತ್ತದೆ, ಬೀಳುವಾಗ ಜಾಬ್‌ನ, ಅಂದರೆ ಕತ್ತರಿಸುತ್ತಿರುವ ತುಂಡಿನ, ಮೈಯಿಂದಲೂ ಒಂದು ಚೂರು ಕಿತ್ತುಕೊಂಡು ಹೋಗುತ್ತದೆ. ಆ ತರಿತರಿ ಬರುವುದು ಹೀಗೆ.

ರಾಗಿಮುದ್ದೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತು. ಒಣ ಕೈಯಲ್ಲಿ ಮುಟ್ಟಿದರೆ ಹಿಟ್ಟು ಬೆರಳಿಗೆ ಮೆತ್ತಿ, ಮುದ್ದೆಯ ಮೈ ಕಿತ್ತು ಬರುತ್ತದೆ. ಕೈಗೆ ನೀರು ಹಚ್ಚಿಕೊಂಡು ಹಿಂಜರಿಯದೆ ಬೇಗ ಉರುಳಿಸಿದರೆ ಮೈ ನುಣ್ಣಗೆ ಬರುತ್ತದೆ. ಲೇತ್‌ನಲ್ಲೂ ಇಷ್ಟೇ ಬೇಕು: ಅಂಟದ ನುಣುಪಾದ ಟೂಲ್, ತಕ್ಕ ವೇಗ, ನಡುವೆ ತೆಳ್ಳನೆಯ ಎಣ್ಣೆ. ಜೊತೆಗೆ ಯಂತ್ರ ಅಲುಗಬಾರದು. ಪುಟ್ಟ ಲೇತ್‌ನಲ್ಲಿ ಕೊನೆಯದು ಕಷ್ಟ. ಎಚ್‌ಎಂಟಿಯ ಎನ್‌ಎಚ್ 22ರಂಥ ಲೇತ್‌ನ ತೂಕ ಟನ್ನುಗಳ ಲೆಕ್ಕದ್ದು. ಮೇಜಿನ ಮೇಲೆ ಕೂರುವ, 180 ಮಿ.ಮೀ. ಸ್ವಿಂಗ್‌ನ ಲೇತ್ ಸುಮಾರು 40 ಕೆ.ಜಿ. ದೊಡ್ಡ ಯಂತ್ರ ಮೊಂಡು ಟೂಲನ್ನೂ ತೂಕದಿಂದಲೇ ದಬ್ಬಿ ಕೆಲಸ ಮುಗಿಸುತ್ತದೆ. ಪುಟ್ಟದಕ್ಕೆ ಆ ಬಲವಿಲ್ಲ, ಹಾಗಾಗಿ ಅದಕ್ಕೆ ಹರಿತವೇ ಆಸರೆ.

ಯಾವ ಅಲ್ಯೂಮಿನಿಯಂ?

ಟೂಲ್ ಬಗ್ಗೆ ಹೇಳುವ ಮುನ್ನ ಇದೊಂದು ಮಾತು, ಏಕೆಂದರೆ ಎಷ್ಟೋ ಮಂದಿ ಕೈಗೆ ಸಿಕ್ಕ ತುಂಡಿನಿಂದಲೇ ಶುರುಮಾಡಿ ತಮ್ಮ ಕೈಯನ್ನು ದೂರಿಕೊಳ್ಳುತ್ತಾರೆ. ಶುದ್ಧ ಅಲ್ಯೂಮಿನಿಯಂ ತೀರಾ ಅಂಟು. ಕಿಟಕಿ ಚೌಕಟ್ಟಿಗೆ ಬಳಸುವ 6063 ಕೂಡ ಮೆತ್ತನೆಯದೇ, ಅದರಿಂದ ಒಳ್ಳೆಯ ಮೈ ತೆಗೆಯಲು ಪಳಗಿದ ಕೈ ಬೇಕು. ಗುಜರಿಯಲ್ಲಿ ಸಿಗುವ ಎರಕದ ತುಂಡಿನಲ್ಲಿ ಗಾಳಿಗುಳ್ಳೆ ಇರಬಹುದು. ಎಲ್‌ಎಂ6ರಂಥ ಎರಕದ ಮಿಶ್ರಲೋಹದಲ್ಲಿ ಸಿಲಿಕಾನ್ ನೂರಕ್ಕೆ 10ರಿಂದ 13ರಷ್ಟಿದ್ದು, ಟೂಲ್‌ನ ಬಾಯನ್ನು ಬೇಗ ಸವೆಸುತ್ತದೆ. ಅದರಲ್ಲಿ ಕನ್ನಡಿ ಹೊಳಪನ್ನು ನಿರೀಕ್ಷಿಸಬೇಡಿ.

ಅಂಗಡಿಯಲ್ಲಿ ಕೇಳುವಾಗ “ಎಚ್‌ಇ30 ರಾಡ್ ಕೊಡಿ” ಅನ್ನಿ. ಇದು 6082 ಎನ್ನುವ ಮಿಶ್ರಲೋಹದ ಹಳೆಯ ಹೆಸರು, ಲೋಹದಂಗಡಿಗಳಲ್ಲಿ ಈಗಲೂ ಚಾಲ್ತಿಯಲ್ಲಿದೆ. 6061 ಕೂಡ ಆಗುತ್ತದೆ. ಎರಡರಲ್ಲೂ ಟಿ6 ಹದದ್ದನ್ನೇ ಕೇಳಿ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ್ದು. ಅದರ ಚಿಪ್ಸ್ ಮುರಿದು ಬೀಳುತ್ತವೆ, ಮೈ ಶುಭ್ರವಾಗಿ ಬರುತ್ತದೆ. 7075 ಸಿಕ್ಕರೆ ಇನ್ನೂ ಚೆನ್ನ, ಬೆಲೆ ಮಾತ್ರ ಹೆಚ್ಚು. ಕಲಿಯುವವರು ಒಂದು ಅಡಿ ಎಚ್‌ಇ30 ತಂದಿಟ್ಟುಕೊಳ್ಳಲಿ. ತಪ್ಪು ಲೋಹದ್ದೋ ಕೈಯದ್ದೋ ಎಂಬ ಗೊಂದಲ ಅಲ್ಲಿಗೆ ಮುಗಿಯುತ್ತದೆ.

ಟೂಲ್‌ನ ಬಾಯಿ

ಇಡೀ ಕೆಲಸದಲ್ಲಿ ಒಂದೇ ಒಂದು ಕಡೆ ಸಮಯ ಕೊಡುವುದಾದರೆ ಇಲ್ಲಿ ಕೊಡಿ. ಪುಟ್ಟ ಲೇತ್‌ಗೆ ಕೈಯಿಂದ ಸಾಣೆ ಹಿಡಿದ ಎಚ್‌ಎಸ್‌ಎಸ್ ಟೂಲ್‌ಗಿಂತ ಒಳ್ಳೆಯದಿಲ್ಲ ಎಂದು ನಾನು ನಂಬಿದ್ದೇನೆ. 8 ಅಥವಾ 10 ಮಿ.ಮೀ. ಚೌಕದ ಬಿಟ್ ಅಗ್ಗ, ಎಷ್ಟು ಸಲ ಬೇಕಾದರೂ ಮಸೆಯಬಹುದು, ಕಾರ್ಬೈಡ್‌ಗಿಂತ ಹರಿತವಾದ ಬಾಯನ್ನು ತಾಳಿಕೊಳ್ಳುತ್ತದೆ.

ಮುಂದಿನ ಮೈಗೂ ಪಕ್ಕದ ಮೈಗೂ ಸುಮಾರು 10 ಡಿಗ್ರಿ ಇಳಿಜಾರು ಕೊಡಿ. ಬಾಯಿ ಬಿಟ್ಟು ಟೂಲ್‌ನ ಬೇರಾವ ಭಾಗವೂ ಜಾಬ್‌ಗೆ ತಗುಲಬಾರದು, ತಗುಲಿದರೆ ಉಜ್ಜುತ್ತದೆ. ಟೂಲ್‌ನ ಮೇಲ್ಮೈ ಬಾಯಿಂದ ಹಿಂದಕ್ಕೂ ಪಕ್ಕಕ್ಕೂ 15ರಿಂದ 20 ಡಿಗ್ರಿ ಇಳಿಯಲಿ. ಉಕ್ಕಿಗೆ ಕೊಡುವುದಕ್ಕಿಂತ ಇದು ಕಡಿದಾದ ಇಳಿಜಾರು. ಕೊಡಲಿಯ ಬಾಯಿಗೂ ಕ್ಷೌರದ ಕತ್ತಿಯ ಬಾಯಿಗೂ ಇರುವ ವ್ಯತ್ಯಾಸ ನೆನೆಯಿರಿ. ಇಳಿಜಾರು ಹೆಚ್ಚಿದಷ್ಟೂ ಲೋಹವನ್ನು ದಬ್ಬುವ ಬಲ ಕಡಿಮೆ ಸಾಕು, ಪುಟ್ಟ ಲೇತ್‌ನ ನಡುಕವೂ ಕಡಿಮೆ.

ಗ್ರೈಂಡರ್‌ನಿಂದ ಬಂದ ಬಾಯಿ ಕಣ್ಣಿಗೆ ಚೂಪಾಗಿ ಕಂಡರೂ ಭೂತಗನ್ನಡಿಯಲ್ಲಿ ಗರಗಸದಂತಿರುತ್ತದೆ. ಆ ಹಲ್ಲುಗಳ ಅಚ್ಚೇ ಜಾಬ್‌ನ ಮೇಲೆ ಮೂಡುತ್ತದೆ. ಆದ್ದರಿಂದ ಎಣ್ಣೆಕಲ್ಲಿನ ನುಣುಪು ಬದಿಯ ಮೇಲೆ ಮೂರೂ ಮೈಗಳನ್ನು ಸಮತಟ್ಟಾಗಿ ಒತ್ತಿ ಮಸೆಯಿರಿ. ಆಮೇಲೆ ಗಾಜಿನ ತುಂಡಿನ ಮೇಲೆ 1000, ನಂತರ 2000 ನಂಬರಿನ ವಾಟರ್ ಪೇಪರ್ ಇಟ್ಟು ಎಣ್ಣೆ ಹಾಕಿ ಮುಗಿಸಿ. ಮೇಲ್ಮೈ ಕನ್ನಡಿಯಾಗಬೇಕು. ಚಿಪ್ಸ್ ಜಾರಿಹೋಗುವ ದಾರಿ ಅದೇ. ಅಲ್ಲಿ ಗೀರಿದ್ದರೆ ಅಲ್ಯೂಮಿನಿಯಂ ಹಿಡಿದುಕೊಳ್ಳಲು ಜಾಗ ಸಿಕ್ಕಿತೆಂದೇ ಲೆಕ್ಕ. ಕೊನೆಯಲ್ಲಿ ಮೂಗನ್ನು, ಅಂದರೆ ಎರಡು ಬಾಯಿ ಕೂಡುವ ಮೂಲೆಯನ್ನು, ಕಲ್ಲಿನ ಮೇಲೆ ತೂಗುವಂತೆ ಆಡಿಸಿ ಅರ್ಧ ಮಿಲಿಮೀಟರಿನಷ್ಟು ದುಂಡಗೆ ಮಾಡಿ. ಉಗುರಿನ ಮೇಲೆ ಇಟ್ಟಾಗ ಜಾರದೆ ಕಚ್ಚಿಕೊಂಡು ನಿಂತರೆ ಟೂಲ್ ಸಿದ್ಧ.

ಸಾಣೆ ಹಿಡಿಯಲು ಬೇಸರವಿದ್ದವರಿಗೆ ಕಾರ್ಬೈಡ್ ಇನ್ಸರ್ಟ್ ಇದೆ, ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಲೇತ್‌ನ ಜೊತೆ ಕೊಡುವ ಬಂಗಾರದ ಬಣ್ಣದ ಇನ್ಸರ್ಟ್‌ಗಳು ಸಾಮಾನ್ಯವಾಗಿ ಉಕ್ಕಿಗೆ ಮಾಡಿದವು. ಏಟು ತಾಳಲೆಂದು ಅವುಗಳ ಬಾಯನ್ನು ಬೇಕೆಂದೇ ತುಸು ದುಂಡಗೆ ಮಾಡಿರುತ್ತಾರೆ. ಅಲ್ಯೂಮಿನಿಯಂಗೆ ಬೇಕಾದ್ದು ಲೇಪವಿಲ್ಲದ, ಬೆಳ್ಳಿಯಂತೆ ಹೊಳೆಯುವ, ಮಸೆದು ಚೂಪು ಮಾಡಿದ ಇನ್ಸರ್ಟ್. ಡಬ್ಬಿಯ ಮೇಲೆ ‘ಸಿಸಿಜಿಟಿ 060204’ ಎಂದಿದ್ದರೆ ಮೂರನೆಯ ಅಕ್ಷರ ‘ಜಿ’ ಇದೆಯೇ ನೋಡಿ, ಅದು ಸಾಣೆ ಹಿಡಿದು ಅಳತೆಗೆ ತಂದದ್ದು. ಅಲ್ಲಿ ‘ಎಂ’ ಇದ್ದರೆ ಅಚ್ಚಿನಿಂದ ಬಂದದ್ದು. ಕೊನೆಯ 04 ಮೂಗಿನ ದುಂಡು, 0.4 ಮಿ.ಮೀ. ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪವಿದ್ದದ್ದು ಬೇಡವೇ ಬೇಡ. ಲೇಪದಲ್ಲೇ ಇರುವ ಅಲ್ಯೂಮಿನಿಯಂ ಜಾಬ್‌ನ ಅಲ್ಯೂಮಿನಿಯಂ ಜೊತೆ ಸುಲಭವಾಗಿ ಬೆಸೆದುಕೊಳ್ಳುತ್ತದೆ.

ಇನ್ನೊಂದು ಬಗೆಯ ಟೂಲ್ ಇದೆ, ಕೊನೆಯ ಸವರಿಗೆಂದೇ, ಅಂದರೆ ಕೊನೆಯ ತೆಳು ಕತ್ತರಿಕೆಗೆಂದೇ. ಈಳಿಗೆಮಣೆಯ ಮೇಲೆ ಸೌತೆಕಾಯಿಯನ್ನು ನೇರ ಒತ್ತುವುದಿಲ್ಲ; ಓರೆಯಾಗಿ ಜಾರಿಸುತ್ತೇವೆ, ಹಾಗಾಗಿ ಹೋಳಿನ ಮೈ ನುಣ್ಣಗೆ ಬರುತ್ತದೆ. ಟೂಲ್‌ನ ಬಾಯನ್ನೂ ಹಾಗೆಯೇ ನಿಲುವಾಗಿ, ತುಸು ಓರೆಯಾಗಿ ಸಾಣೆ ಹಿಡಿದರೆ ಅದು ಲೋಹವನ್ನು ಸೀಳುತ್ತಾ ಹೋಗುತ್ತದೆ. 0.02ರಿಂದ 0.05 ಮಿ.ಮೀ. ಮಾತ್ರ ತೆಗೆಯಬೇಕು, ಚಿಪ್ಸ್ ಹತ್ತಿಯ ಎಳೆಯಂತೆ ಬರುತ್ತದೆ. ಇದನ್ನು ಷಿಯರ್ ಟೂಲ್ ಎನ್ನುತ್ತಾರೆ. ಒಂದು ಹಳೆಯ ಬಿಟ್‌ನಲ್ಲಿ ಪ್ರಯತ್ನಿಸಿ. ಫಲ ಕಂಡ ಮೇಲೆ ಅದಕ್ಕೊಂದು ಹೋಲ್ಡರ್ ಮೀಸಲಿಡುತ್ತೀರಿ.

ಸಾಣೆಯ ಮಾತು ಬಂದಾಗ ಒಂದು ಅಪಾಯವನ್ನೂ ಹೇಳಬೇಕು. ಗ್ರೈಂಡರ್ ಕಲ್ಲಿಗೆ ಅಲ್ಯೂಮಿನಿಯಂ ತುಂಡನ್ನು ಎಂದೂ ಹಿಡಿಯಬೇಡಿ. ಮೆತ್ತನೆಯ ಲೋಹ ಕಲ್ಲಿನ ರಂಧ್ರಗಳಲ್ಲಿ ತುಂಬಿ, ಕಲ್ಲು ಕಾದು, ಓಡುತ್ತಿರುವಾಗಲೇ ಸೀಳಿ ಸಿಡಿಯಬಹುದು.

ಅಲುಗದಂತೆ ಕಟ್ಟುವುದು

ಟೂಲ್‌ನ ತುದಿ ಜಾಬ್‌ನ ನಟ್ಟನಡುವಿನ ಎತ್ತರಕ್ಕೆ ಇರಬೇಕು. ಪರೀಕ್ಷಿಸಲು ತೆಳು ಉಕ್ಕಿನ ಸ್ಕೇಲ್ ಸಾಕು. ಲೇತ್ ನಿಲ್ಲಿಸಿ, ಸರಳಿಗೂ ಟೂಲ್‌ನ ತುದಿಗೂ ನಡುವೆ ಸ್ಕೇಲನ್ನು ಮೆಲ್ಲಗೆ ಸಿಕ್ಕಿಸಿ. ನೆಟ್ಟಗೆ ನಿಂತರೆ ಎತ್ತರ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ಬಾಗಿದರೆ ಟೂಲ್ ತಗ್ಗಿದೆ, ಆಚೆ ಬಾಗಿದರೆ ಎತ್ತರವಾಗಿದೆ. ತಗ್ಗಿದ್ದರೆ ಅಡಿಗೆ ತೆಳು ತಗಡು ಕೊಡಿ. ಎತ್ತರವಾದ ಟೂಲ್ ಹೊಟ್ಟೆಯಿಂದ ಉಜ್ಜುತ್ತದೆ. ತಗ್ಗಿದ್ದು ಕಚ್ಚಿ ಒಳಕ್ಕೆಳೆಯುತ್ತದೆ.

ಟೂಲ್ ಪೋಸ್ಟ್‌ನಿಂದ ಟೂಲ್ ಎಷ್ಟು ಹೊರಗೆ ಚಾಚಿದೆ ನೋಡಿ. ಚಾಚು ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಜಾಬ್‌ಗೂ ಇದೇ ಲೆಕ್ಕ. ಅಲ್ಯೂಮಿನಿಯಂ ಸರಳು ಅಷ್ಟೇ ದಪ್ಪದ ಉಕ್ಕಿನ ಸರಳಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಚಕ್‌ನಿಂದ ಹೊರಗೆ ವ್ಯಾಸದ ಮೂರು ಪಟ್ಟಿಗಿಂತ ಹೆಚ್ಚು ಉದ್ದವಿದ್ದರೆ ಟೈಲ್‌ಸ್ಟಾಕ್‌ನ ಸೆಂಟರ್ ಕೊಡಲೇಬೇಕು. ಚಕ್‌ನ ಹಲ್ಲಿನ ಗುರುತು ಬೀಳದಂತೆ ತಂಪಿನ ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡನ್ನು ಸುತ್ತಿ ಹಿಡಿಸಬಹುದು.

ಹೊಸ ಪುಟ್ಟ ಲೇತ್‌ಗಳಲ್ಲಿ ಸ್ಲೈಡ್‌ಗಳ ಗಿಬ್, ಅಂದರೆ ಅಲುಗಾಟ ತಡೆಯುವ ಪಟ್ಟಿ, ಸಡಿಲವಾಗಿರುವುದು ತೀರಾ ಸಾಮಾನ್ಯ. ಟೂಲ್ ಪೋಸ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಎಂದರೆ ಗಿಬ್ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ, ಹಿಡಿಕೆ ತಿರುಗಿಸಿದಾಗ ತುಸು ಭಾರ ಅನ್ನಿಸುವ ತನಕ. ಕೊನೆಯ ಸವರಿಗೆ ಕಾಂಪೌಂಡ್ ಸ್ಲೈಡನ್ನು ಪೂರ್ತಿ ಬಿಗಿದುಬಿಡಿ. ಫೇಸಿಂಗ್ ಮಾಡುವಾಗ ಕ್ಯಾರೇಜ್ ಲಾಕ್ ಹಾಕಿ.

ವೇಗ, ಫೀಡ್

ಅಲ್ಯೂಮಿನಿಯಂನಲ್ಲಿ ನಿಧಾನ ಕೂಡದು. ಕಡಿಮೆ ವೇಗದಲ್ಲೇ ಟೂಲ್‌ಗೆ ಗಡ್ಡೆ ಕಟ್ಟುವುದು ಹೆಚ್ಚು. ಎಚ್‌ಎಸ್‌ಎಸ್ ಟೂಲ್‌ಗೆ ಲೋಹದ ಮೈ ನಿಮಿಷಕ್ಕೆ 90 ಮೀಟರಿನಷ್ಟು ಓಡಲಿ. ನೆನಪಿಡಲು ಸುಲಭದ ಲೆಕ್ಕ: 30,000ವನ್ನು ಜಾಬ್‌ನ ವ್ಯಾಸದಿಂದ, ಮಿಲಿಮೀಟರಿನಲ್ಲಿ, ಭಾಗಿಸಿ. 25 ಮಿ.ಮೀ. ಸರಳಿಗೆ 1200 ಸುತ್ತು, 50ಕ್ಕೆ 600, 12ಕ್ಕೆ 2500. ಕಾರ್ಬೈಡ್ ಆದರೆ ಇದರ ಎರಡು ಪಟ್ಟು ಹೋದರೂ ಸರಿ, ಆದರೆ ಚಕ್‌ನ ಮೇಲೆ ನಮೂದಿಸಿದ ಗರಿಷ್ಠ ವೇಗ ಮೀರಬೇಡಿ. ಯಂತ್ರ ಕಿರುಚತೊಡಗಿದರೆ ವೇಗವನ್ನು ತುಸು ಇಳಿಸಿ, ಫೀಡ್ ತುಸು ಏರಿಸಿ. ನಡುಕ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಫೀಡ್ ಅಂದರೆ ಜಾಬ್ ಒಂದು ಸುತ್ತು ಹಾಕುವಷ್ಟರಲ್ಲಿ ಟೂಲ್ ಸರಿಯುವ ದೂರ. ಟೂಲ್‌ನ ದುಂಡು ಮೂಗು ಪ್ರತಿ ಸುತ್ತಿಗೂ ಒಂದು ಸಣ್ಣ ಕಾಲುವೆ ತೋಡುತ್ತಾ ಹೋಗುತ್ತದೆ, ನುಣುಪು ಎಷ್ಟೆಂದು ತೀರ್ಮಾನಿಸುವುದು ಈ ಕಾಲುವೆಗಳ ಆಳ. ಅದರ ಲೆಕ್ಕ ಹೀಗೆ: ಫೀಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮೂಗಿನ ದುಂಡಿನ ಎಂಟು ಪಟ್ಟಿನಿಂದ ಭಾಗಿಸಿ. 0.4 ಮಿ.ಮೀ. ಮೂಗಿನಲ್ಲಿ 0.2 ಮಿ.ಮೀ. ಫೀಡ್ ಕೊಟ್ಟರೆ ಕಾಲುವೆಯ ಆಳ 12.5 ಮೈಕ್ರಾನ್. ಫೀಡ್ 0.1ಕ್ಕೆ ಇಳಿದರೆ ಸುಮಾರು 3 ಮೈಕ್ರಾನ್. 0.05ಕ್ಕೆ ಇಳಿದರೆ 1 ಮೈಕ್ರಾನಿಗೂ ಕಡಿಮೆ. ಫೀಡ್ ಅರ್ಧವಾದರೆ ಆಳ ಕಾಲು ಭಾಗವಾಗುತ್ತದೆ. ಹಾಗಾದರೆ ಮೂಗನ್ನೇ ದೊಡ್ಡದು ಮಾಡಬಹುದಲ್ಲ ಎಂದು ಕೇಳಬಹುದು. ದೊಡ್ಡ ಯಂತ್ರದಲ್ಲಿ ಹಾಗೇ ಮಾಡುತ್ತಾರೆ. ಪುಟ್ಟದರಲ್ಲಿ ಅಗಲ ಮೂಗು ಜಾಬನ್ನು ದೂರ ದಬ್ಬಿ ನಡುಕ ಎಬ್ಬಿಸುತ್ತದೆ.

ಕೈಯಿಂದ ಕ್ಯಾರೇಜ್ ತಿರುಗಿಸಿದರೆ ಎಷ್ಟೇ ಪಳಗಿದವರಾದರೂ ನಡುವೆ ಒಂದು ತಡೆ ಬರುತ್ತದೆ, ಮೈಮೇಲೆ ಅದು ಉಂಗುರವಾಗಿ ಕಾಣುತ್ತದೆ. ಲೀಡ್‌ಸ್ಕ್ರೂನ ಫೀಡ್ ಬಳಸಿ. 1.5 ಮಿ.ಮೀ. ಪಿಚ್‌ನ ಲೀಡ್‌ಸ್ಕ್ರೂಗೆ 20–80, 20–80 ಹಲ್ಲಿನ ಗೇರ್ ಜೋಡಿಸಿದರೆ ಸುತ್ತಿಗೆ 0.094 ಮಿ.ಮೀ. ಫೀಡ್ ಸಿಗುತ್ತದೆ, ಸಾಮಾನ್ಯ ಕೆಲಸಕ್ಕೆ ಇದು ಧಾರಾಳ ಸಾಕು. ಭುಜಕ್ಕೆ ತಗುಲುವ ಒಂದೆರಡು ಮಿಲಿಮೀಟರ್ ಮುಂಚೆ ಹಾಫ್‌ನಟ್ ಬಿಡಿಸಿ, ಉಳಿದದ್ದನ್ನು ಕೈಯಲ್ಲಿ ಮುಗಿಸಿ.

ಸೀಮೆಎಣ್ಣೆ

ಉಕ್ಕಿಗೆ ಬಳಸುವ ಗಟ್ಟಿ ಎಣ್ಣೆ ಇಲ್ಲಿ ಬೇಕಿಲ್ಲ. ತೆಳ್ಳನೆಯ ಸೀಮೆಎಣ್ಣೆ ಅಲ್ಯೂಮಿನಿಯಂಗೆ ಹಳೆಯ ಕಾಲದಿಂದ ನಡೆದುಬಂದ ಮದ್ದು. ಸಿಗದಿದ್ದರೆ ಡಬ್ಲ್ಯುಡಿ-40 ಆಗಬಹುದು. ಮುದ್ದೆ ಕಟ್ಟುವ ಕೈಗೆ ಹಚ್ಚುವ ನೀರಿನಂತೆ ಇದು ಲೋಹ ಮತ್ತು ಟೂಲ್ ನಡುವೆ ನಿಂತು ಅಂಟದಂತೆ ಕಾಯುತ್ತದೆ. ಸುರಿಯಬಾರದು. ಸಣ್ಣ ಬ್ರಷ್‌ನಲ್ಲಿ ಅದ್ದಿ, ಟೂಲ್‌ನ ಮುಂದೆ ತೆಳುವಾಗಿ ಸವರುತ್ತಾ ಹೋದರೆ ಸಾಕು. ಇದು ಹೊತ್ತಿಕೊಳ್ಳುವ ದ್ರವ ಎಂಬುದನ್ನು ಮರೆಯಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ, ಗ್ರೈಂಡರ್‌ನ ಕಿಡಿಯೂ ಬೇಡ. ಎಣ್ಣೆಬಟ್ಟೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ. ನೀರಿನಲ್ಲಿ ಬೆರೆಸುವ ಹಾಲಿನಂಥ ಕೂಲಂಟ್ ಬಳಸಿದರೆ ಕೆಲಸ ಮುಗಿದ ಕೂಡಲೇ ಒರೆಸಿಬಿಡಿ. ಕ್ಷಾರ ಹೆಚ್ಚಾದ ಕೂಲಂಟ್ ಅಲ್ಯೂಮಿನಿಯಂ ಮೇಲೆ ಕಪ್ಪು ಕಲೆ ಮಾಡುತ್ತದೆ.

ಕೊನೆಯ ಸವರು

ಒರಟು ಕೆಲಸ ಮುಗಿದಾಗ ವ್ಯಾಸದಲ್ಲಿ ಅರ್ಧ ಮಿಲಿಮೀಟರಿನಷ್ಟು ಉಳಿಸಿಕೊಳ್ಳಿ. ಜಾಬ್ ತಣ್ಣಗಾಗಲಿ. 40 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ 40 ಡಿಗ್ರಿ ಬಿಸಿಯೇರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಅಳೆದು ತೆಗೆದ ಬುಷ್ ಬೆಳಿಗ್ಗೆ ಸಡಿಲವಾಗುವುದು ಹೀಗೆಯೇ.

ಉಳಿದದ್ದನ್ನು ಎರಡು ಸಮಪಾಲು ಮಾಡಿ. ಮೊದಲ ಪಾಲು ತೆಗೆದು ಅಳೆಯಿರಿ. ಡಯಲ್ ಹೇಳಿದ್ದಕ್ಕೂ ಮೈಕ್ರೋಮೀಟರ್ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಬಂತೋ ಎರಡನೆಯದಕ್ಕೂ ಅಷ್ಟೇ ಬರುತ್ತದೆ, ಏಕೆಂದರೆ ಆಳ, ಬಲ, ಬಾಗು ಎಲ್ಲ ಅಷ್ಟೇ. ಅಳತೆಗೆ ಹೆದರಿ 0.01, 0.02 ಎಂದು ಕೆರೆಯುತ್ತಾ ಹೋಗುವುದು ಕಲಿಯುವವರ ದೊಡ್ಡ ತಪ್ಪು. ಅಷ್ಟು ತೆಳುವಾದದ್ದನ್ನು ಸಾಮಾನ್ಯ ಟೂಲ್ ಕತ್ತರಿಸಲಾರದೆ ಮೈಮೇಲೆ ಜಾರಿ ಉಜ್ಜುತ್ತದೆ, ಆಮೇಲೆ ಥಟ್ಟನೆ ಕಚ್ಚುತ್ತದೆ.

ಸವರು ಮುಗಿದ ಮೇಲೆ ಇನ್ನೊಂದು ಕಡೆ ಜನ ಎಡವುತ್ತಾರೆ. ಜಾಬ್ ತಿರುಗುತ್ತಿರುವಾಗಲೇ ಟೂಲನ್ನು ಅದೇ ದಾರಿಯಲ್ಲಿ ವಾಪಸು ತಂದರೆ ಹೊಸ ಮೈಮೇಲೆ ಸುರುಳಿ ಗೀರು ಬೀಳುತ್ತದೆ. ತುದಿ ತಲುಪಿದಾಗ ಕ್ರಾಸ್ ಸ್ಲೈಡ್ ಹಿಂದೆಳೆದು, ಆಮೇಲೆ ಕ್ಯಾರೇಜ್ ಸರಿಸಿ. ಸುರುಳಿ ಚಿಪ್ಸ್ ಜಾಬ್‌ಗೆ ಸುತ್ತಿಕೊಂಡರೂ ಗೀರು ಖಚಿತ. ಆಗ ಲೇತ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ಓಡುವಾಗ ಕೈ ಹಾಕಿದರೆ ಆ ಸುರುಳಿ ಬೆರಳನ್ನು ಮೂಳೆಯ ತನಕ ಕೊಯ್ಯಬಲ್ಲದು. ಕೈಗವಸು, ಸಡಿಲ ತೋಳು, ಕೊರಳ ಸರ, ಬಿಚ್ಚಿದ ಕೂದಲು ಯಾವುದೂ ಲೇತ್‌ನ ಹತ್ತಿರ ಕೂಡದು. ಕನ್ನಡಕ ಇರಲೇಬೇಕು.

ಫೇಸಿಂಗ್‌ನಲ್ಲಿ ನಡುವಿನ ಭಾಗ ಮಾತ್ರ ಮಂಕಾಗಿ ಕಂಡರೆ ಗಾಬರಿ ಬೇಡ. ಟೂಲ್ ನಡುವಿನತ್ತ ಹೋದಂತೆ ಲೋಹ ಓಡುವ ವೇಗ ಸೊನ್ನೆಗಿಳಿಯುತ್ತದೆ. ವೇಗ ಬದಲಿಸುವ ಗುಂಡಿ ಇದ್ದರೆ ನಡುವಿಗೆ ಬರುತ್ತಾ ಸುತ್ತು ಏರಿಸಿ.

ಮೈ ನೋಡಿಯೇ ದೋಷ ಗುರುತಿಸಬಹುದು. ಮಂಕಾದ ತರಿತರಿ ಇದ್ದರೆ ಟೂಲ್‌ಗೆ ಗಡ್ಡೆ ಕಟ್ಟಿದೆ: ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಮೆತ್ತಿದ ಅಲ್ಯೂಮಿನಿಯಂ ಕೆರೆದು ತೆಗೆದು ಮತ್ತೆ ಮಸೆಯಿರಿ. ಒಂದೇ ಸಮನಾದ ಸಣ್ಣ ಅಲೆಗಳಿದ್ದರೆ ನಡುಕ: ಚಾಚು, ಗಿಬ್ ನೋಡಿ. ಹೊಳಪಿದ್ದೂ ಸ್ಕ್ರೂವಿನಂಥ ಗೆರೆ ಕಂಡರೆ ಫೀಡ್ ಹೆಚ್ಚು ಅಥವಾ ಮೂಗು ಚೂಪು. ಒಂದು ತುದಿ ದಪ್ಪ ಬಂದರೆ ಸರಳು ಬಾಗಿದೆ, ಇಲ್ಲವೇ ಟೈಲ್‌ಸ್ಟಾಕ್ ಪಕ್ಕಕ್ಕೆ ಸರಿದಿದೆ.

ಇಷ್ಟಾದ ಮೇಲೂ ಕನ್ನಡಿ ಹೊಳಪು ಬೇಕೆನ್ನುವವರು 600, 1000 ನಂಬರಿನ ಕಾಗದದ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಎರಡೂ ತುದಿ ಬಿಡಿಬಿಡಿಯಾಗಿ ಹಿಡಿದು ಸವರಬಹುದು. ಬೆರಳಿಗೆ ಸುತ್ತಿಕೊಳ್ಳಬಾರದು. ಬಳಿಕ ಲೋಹದ ಪಾಲಿಷ್. ಲೇತ್‌ನ ಬೆಡ್ ಮೇಲೆ ಮೊದಲೇ ಹಳೆಯ ಪತ್ರಿಕೆ ಹಾಸಿ. ಎಮರಿಯ ಪುಡಿ ಬೆಡ್ಡಿಗೆ ಬಿದ್ದರೆ ಸ್ಲೈಡ್‌ಗಳ ಅಡಿ ಸೇರಿ ಸವೆಸುತ್ತದೆ.

ಮುಗಿದ ಜಾಬನ್ನು ಚಕ್‌ನಿಂದ ತೆಗೆಯುವ ಮುಂಚೆ ಅಂಚುಗಳ ಬರ್ ತೆಗೆದುಬಿಡಿ, ಟೂಲನ್ನು 45 ಡಿಗ್ರಿಗೆ ತಿರುಗಿಸಿ ಒಂದು ಸಣ್ಣ ಮುತ್ತು ಕೊಟ್ಟರೆ ಆಯಿತು. ಸೀಮೆಎಣ್ಣೆಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ತೊಳೆಯುವ ಸೋಡಾ ಹಾಕಬೇಡಿ, ಒಂದು ನಿಮಿಷದಲ್ಲಿ ಹೊಳಪು ಕಪ್ಪಾಗುತ್ತದೆ. ಚಿಪ್ಸನ್ನು ಉಕ್ಕಿನ ಜೊತೆ ಬೆರೆಸದೆ ಬೇರೆ ಚೀಲದಲ್ಲಿಡಿ, ಗುಜರಿಯವರು ಅಲ್ಯೂಮಿನಿಯಂಗೆ ಬೇರೆ ಬೆಲೆ ಕೊಡುತ್ತಾರೆ.